ಇನ್ನೂರ ಹದಿಮೂರು ಜನರಿದ್ದ ಮನೆ

ನಾನು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಮೂವತ್ತೆಂಟು ವರ್ಷ ಕೂತವನು. ಅಷ್ಟು ವರ್ಷಗಳಲ್ಲಿ ನನ್ನ ರಿಜಿಸ್ಟರಿಗೆ ಒಮ್ಮೆ ಹತ್ತಿದ ಹೆಸರು ಕಳೆದುಹೋಯಿತೆಂದು ಯಾರಾದರೂ ತೋರಿಸಿಕೊಟ್ಟರೆ ನನ್ನ ಮೀಸೆಯನ್ನು ಬೋಳಿಸಿ ಅಂಗೈಯಲ್ಲಿಟ್ಟು ಕೊಡುತ್ತೇನೆ ಎಂದು ಸಾರುತ್ತಿದ್ದೆ. ರೋಗಿ ಗೇಟಿನ ಹೊರಗೆ ಕೆಮ್ಮಿದರೆ ಸಾಕು, ಎಷ್ಟನೆಯ ರಿಜಿಸ್ಟರು, ಎಷ್ಟನೆಯ ಪುಟ ಎಂದು ಒಳಗಿನಿಂದಲೇ ಕೂಗುತ್ತಿದ್ದೆ. ಒಮ್ಮೆ ಬಿರುಗಾಳಿಗೆ ಕಿಟಕಿ ಕಿತ್ತು ಹಾಳೆಗಳೆಲ್ಲ ಬೀದಿಪಾಲಾದವು. ನಾನು ಬಾಗಿಲಲ್ಲಿ ನಿಂತು ಒಂದು ಸಲ ಗದರಿದೆ ನೋಡಿ, ನನ್ನ ಅಕ್ಷರಗಳು ಸಾಲುಗಟ್ಟಿಕೊಂಡು ಮೆಟ್ಟಿಲು ಹತ್ತಿ ವಾಪಸ್ ಬಂದವು. ಇದನ್ನು ಕಣ್ಣಾರೆ ಕಂಡವರು ಯಾರೂ ಈಗ ಬದುಕಿಲ್ಲ, ಆದ್ದರಿಂದ ನೀವು ನನ್ನನ್ನೇ ನಂಬಬೇಕು.

ಆದರೆ ನಾನು ಹೇಳಹೊರಟಿದ್ದು ನನ್ನ ವಿಷಯವಲ್ಲ, ಕೊಂಡಿಯ ವಿಷಯ.

ಕೊಂಡಿ ಎಂಬುದು ಅವಳಪ್ಪ ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟಿದ್ದು. ನಾನು ನಿವೃತ್ತನಾದ ಮೇಲೆ ರೆಕಾರ್ಡ್ ರೂಮಿಗೆ ಕಂಪ್ಯೂಟರ್ ಬಂತು, ಕಂಪ್ಯೂಟರಿನ ಹಿಂದೆಯೇ ಅವಳು ಬಂದಳು. ಯಾವ ಕಾಗದ ಕೊಟ್ಟರೂ ಮೊದಲು ಕೇಳುವುದು ಒಂದೇ ಮಾತು: “ಇದಕ್ಕೂ ಅದಕ್ಕೂ ಕೊಂಡಿ ಎಲ್ಲಿ?” ಔಷಧಿಯ ಚೀಟಿ ಕೊಟ್ಟರೆ ರೋಗಿಯ ಜೊತೆಗಿನ ಕೊಂಡಿ ಎಲ್ಲಿ, ರೋಗಿಯ ಹೆಸರು ಕೊಟ್ಟರೆ ಮನೆಯ ಜೊತೆಗಿನ ಕೊಂಡಿ ಎಲ್ಲಿ. ಹಾಗೆ ಕೊಂಡಿಯಾದಳು. ಚೇಳಿಗೂ ಕೊಂಡಿ ಇರುತ್ತದಲ್ಲ ಎಂದು ಕುಹಕವಾಡಿದವರೂ ಇದ್ದರು. ಅವರಿಗೆ ಅವಳು, “ಇದೆಯಲ್ಲ, ಅದಕ್ಕೇ ಹುಷಾರಾಗಿ ಮಾತಾಡಿ” ಎಂದು ನಕ್ಕಳಂತೆ.

ನಲವತ್ತು ದಾಟಿದ ಹೆಂಗಸು. ಕನ್ನಡಕದ ಒಂದು ಕಾಲು ಮುರಿದು, ಅದಕ್ಕೆ ಹೊಲಿಗೆಯ ದಾರ ಸುತ್ತಿ ಮೂರು ವರ್ಷವಾಗಿದೆ. ಕುರ್ಚಿಯ ಮೇಲೆ ಒಂದು ಕಾಲು ಮಡಿಸಿ ಕೂತಳೆಂದರೆ ಆ ಕಾಲು ಜೋಮು ಹಿಡಿದಾಗಲೇ ಅವಳಿಗೆ ಊಟದ ಹೊತ್ತಾಯಿತೆಂದು ತಿಳಿಯುವುದು. ಯೋಚನೆಗೆ ಬಿದ್ದಾಗ ಪೆನ್ನಿನ ಮುಚ್ಚಳ ಕಡಿಯುತ್ತಾಳೆ. ಕಡಿದ ಮುಚ್ಚಳಗಳನ್ನೆಲ್ಲ ಗುಡ್ಡೆ ಹಾಕಿದ್ದರೆ ಆಸ್ಪತ್ರೆಗೆ ಇನ್ನೊಂದು ಅಂತಸ್ತು ಏರಿಸಬಹುದಿತ್ತು.

ಅವಳಪ್ಪ ಬೀಗ ರಿಪೇರಿ ಮಾಡುವವನು, ನನ್ನ ಗೆಳೆಯ. ಅವನ ಗೂಡಂಗಡಿಯ ಗೋಡೆಯ ತುಂಬ ಬೀಗದ ಕೈಗಳು ನೇತಾಡುತ್ತಿದ್ದವು, ಪ್ರತಿಯೊಂದಕ್ಕೂ ನಂಬರು ಕೊರೆದ ತಗಡಿನ ಬಿಲ್ಲೆ. ಗಿರಾಕಿಯ ಹೆಸರನ್ನು ಅವನು ಎಂದೂ ಬರೆಯುತ್ತಿರಲಿಲ್ಲ. “ಹೆಸರು ಊರಿಗೆ ಹತ್ತು ಇರುತ್ತೆ ಮಗಳೇ, ಹೆಸರು ನೋಡಿ ಬೀಗದ ಕೈ ಕೊಟ್ಟರೆ ಯಾರ ಮನೆಗೋ ಯಾರೋ ಹೋಗಿ ಮಲಗ್ತಾರೆ. ನಂಬರು ನೋಡಿ ಕೊಡು” ಎಂದು ಅವಳನ್ನು ಮಂಡಿಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟವನು. ಅವಳು ಮುಂದೆ ಯಾವ ಕಾಲೇಜಿನಲ್ಲಿ ಏನು ಕಲಿತಳೋ ಗೊತ್ತಿಲ್ಲ, ಕಲಿಯಬೇಕಾದದ್ದು ಆ ಗೂಡಂಗಡಿಯಲ್ಲಿ ಮುಗಿದಿತ್ತು. ಆ ಸಲಿಗೆಯಿಂದ ನಾನು ಅವಳಿಗೆ ದೊಡ್ಡಪ್ಪ. ದಿನಾ ಬೆಳಗ್ಗೆ ಪೇಪರ್ ಓದುವ ನೆಪದಲ್ಲಿ ಹೋಗಿ ರೆಕಾರ್ಡ್ ರೂಮಿನ ಬೆಂಚಿನ ಮೇಲೆ ಕೂರುವುದು ನನ್ನ ಹಕ್ಕು.

ಈ ವರ್ಷ ಆಸ್ಪತ್ರೆಯವರು ಹೊಸ ಏರ್ಪಾಡು ಮಾಡಿದರು. ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ತೆಗೆದುಕೊಳ್ಳುವವರು ಇನ್ನು ಮೇಲೆ ಕೌಂಟರಿನ ಮುಂದೆ ಸಾಲು ನಿಲ್ಲಬೇಕಾಗಿಲ್ಲ, ನರ್ಸುಗಳೇ ಐಸ್ ಪೆಟ್ಟಿಗೆ ಹೊತ್ತು ತಿಂಗಳಿಗೊಮ್ಮೆ ಮನೆಬಾಗಿಲಿಗೆ ತಂದು ಕೊಡುತ್ತಾರೆ. ಒಂದನೇ ತಾರೀಕಿನಿಂದ ಕೌಂಟರಿನ ಕಿಟಕಿಗೆ ಹಲಗೆ ಹೊಡೆಯುವುದು. ಅದಕ್ಕೆ ಮುಂಚಿನ ಶುಕ್ರವಾರ ಸಂಜೆ ನಾಲ್ಕಕ್ಕೆ ಹೊಸ ಪಟ್ಟಿ ಔಷಧಿ ಉಗ್ರಾಣಕ್ಕೆ ತಲುಪಬೇಕು. ಪಟ್ಟಿಯಲ್ಲಿದ್ದವರಿಗೆ ಇಂಜೆಕ್ಷನ್ ಉಂಟು, ಇಲ್ಲದವರಿಗೆ ಇಡೀ ತಿಂಗಳು ಇಲ್ಲ. ನಮ್ಮ ಮನೆಯವಳಿಗೂ ಹನ್ನೆರಡು ವರ್ಷದಿಂದ ಅದೇ ಇಂಜೆಕ್ಷನ್.

ಹೊಸ ಪಟ್ಟಿ ಎಂದರೆ ನನ್ನ ಕಾಲದ ಹಾಗೆ ಕೂತು ನಕಲು ಮಾಡುವುದಲ್ಲ. ಕೊಂಡಿ ಹಳೆಯ ಲಕೋಟೆಯೊಂದರ ಬೆನ್ನಿಗೆ ನಾಲ್ಕು ಚೌಕ ಬರೆದು, ನಡುವೆ ಗೆರೆ ಎಳೆದು ನನಗೆ ವಿವರಿಸಿದಳು. ಮನೆಗಳದ್ದು ಒಂದು ಪಟ್ಟಿ, ಜನರದ್ದು ಒಂದು, ಯಾರಿಗೆ ಯಾವ ಔಷಧಿ ಎಂಬುದು ಒಂದು, ಯಾವ ಬೀದಿಗೆ ಯಾವ ನರ್ಸ್ ಎಂಬುದು ಇನ್ನೊಂದು. ನಾಲ್ಕರಿಂದಲೂ ಬೇಕಾದ್ದನ್ನು ಎತ್ತಿ, ಕೊಂಡಿ ಹಾಕಿ, ಐದನೆಯ ಪಟ್ಟಿಗೆ ಒಂದೇ ಏಟಿಗೆ ತುಂಬಬೇಕು.

“ಒಬ್ಬೊಬ್ಬರನ್ನೇ ಒಳಗೆ ಬಿಡೋದಲ್ವೇನೆ?” ಎಂದೆ.

“ಬಿಡಬಹುದು. ಆದರೆ ಕ್ರಮ ತಪ್ಪೋ ಹಾಗಿಲ್ಲ ದೊಡ್ಡಪ್ಪ. ಮೊದಲು ಮನೆ, ಆಮೇಲೆ ಮನುಷ್ಯ, ಆಮೇಲೆ ಅವರ ಔಷಧಿ. ಸೊಸೆ ಬರೋದಕ್ಕೆ ಮುಂಚೆ ಮೊಮ್ಮಗು ಬಂದ್ರೆ ಮನೆಯವರು ಒಪ್ತಾರಾ? ಕಂಪ್ಯೂಟರೂ ಒಪ್ಪಲ್ಲ.”

“ಮಧ್ಯದಲ್ಲಿ ಒಬ್ಬ ಎಡವಿದ್ರೆ?”

“ಎಲ್ಲರೂ ವಾಪಸ್. ಹಾಗೆ ಕಟ್ಟಿದ್ದೀನಿ. ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ ಅಂದ್ರೆ ಯಾರು ಎಲ್ಲಿದ್ದಾರೆ ಅಂತ ಆ ದೇವರಿಗೂ ಗೊತ್ತಾಗಲ್ಲ.”

ಅವಳ ಮೇಲಿನ ಅಧಿಕಾರಿ ಸೂಪರಿಂಟೆಂಡೆಂಟರು. ಅವರಿಗೆ ನಾವಿಟ್ಟ ಹೆಸರು ಆಯ್ತಾ ಸಾಹೇಬರು. ಬೆಳಗ್ಗೆ ಬಾಗಿಲು ತೆರೆಯುವ ಮುಂಚೆಯೇ “ಆಯ್ತಾ?” ಎಂದು ಕೇಳುವ ಮನುಷ್ಯ. ಅವರು ಹುಟ್ಟಿದಾಗಲೂ ಅತ್ತಿರಲಿಕ್ಕಿಲ್ಲ, ಸೂಲಗಿತ್ತಿಯ ಮುಖ ನೋಡಿ “ಆಯ್ತಾ?” ಎಂದಿರಬೇಕು.

ಬುಧವಾರ ಬೆಳಗ್ಗೆ ನಾನು ಪೇಪರ್ ಬಿಡಿಸುವ ಹೊತ್ತಿಗೆ ಕೊಂಡಿ ಪೆನ್ನಿನ ಮುಚ್ಚಳ ಕಡಿಯುತ್ತಾ ಕೂತಿದ್ದಳು. ರಿಜಿಸ್ಟರಿನಲ್ಲಿ ಇದ್ದವರು ಸಾವಿರದ ಎಂಟುನೂರ ನಲವತ್ತಾರು ಜನ. ಹೊಸ ಪಟ್ಟಿಗೆ ಬಿಡುವ ಮುಂಚೆ ಪರೀಕ್ಷೆಗೆಂದು ಕರೆದು ಎಣಿಸಿದಾಗ ಬಂದವರು ಸಾವಿರದ ಆರುನೂರ ಮೂವತ್ತಮೂರೇ ಜನ.

“ಆಯ್ತಾ?” ಎಂದು ಸಾಹೇಬರು ಬಂದರು.

“ಒಂದು ಮನೆಗೆ ಬೀದಿ ಸಿಗ್ತಿಲ್ಲ ಸಾರ್. ಬೀದಿ ಇಲ್ದೆ ನರ್ಸ್ ಇಲ್ಲ.”

“ಒಂದೇ ಮನೆ ತಾನೆ? ಬಿಟ್ಟಾಕಿ ಮೇಡಂ. ಒಂದು ಮನೆಗೋಸ್ಕರ ಊರನ್ನ ನಿಲ್ಲಿಸ್ತೀರಾ?”

“ಆ ಮನೇಲಿ ಇನ್ನೂರ ಹದಿಮೂರು ಜನ ಇದ್ದಾರೆ ಸಾರ್.”

ಸಾಹೇಬರು ಪಕ್ಕದ ಸ್ಟೂಲು ಹುಡುಕಿಕೊಂಡು ಕೂತರು. ನಾನು ಪೇಪರಿನ ಮರೆಯಿಂದಲೇ, “ಯಾವುದೋ ಹಾಸ್ಟೆಲ್ ಇರಬೇಕು. ಇಲ್ಲಾ ಜೈಲು. ಅಷ್ಟು ಜನ ಇನ್ನೆಲ್ಲೂ ಒಟ್ಟಿಗೆ ಬಾಳಲ್ಲ” ಎಂದು ಜಾಣತನ ಮೆರೆದೆ.

ಕೊಂಡಿ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದಳು. “ದೊಡ್ಡಪ್ಪ, ಊರಿನ ಪ್ರತಿ ಮನೆಯೂ ಗೊತ್ತು ಅಂತೀರಲ್ಲ. ಈ ಮನೆ ಎಲ್ಲಿದೆ ಹೇಳಿ. ಮನೆಯ ಹೆಸರು ‘ಮೇಲಿನಂತೆ’.”

ನಾನು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ.

ವಿಷಯ ಏನೆಂದರೆ, ಒಂದೇ ಮನೆಯಲ್ಲಿ ಅಪ್ಪ, ಅಮ್ಮ, ಚಿಕ್ಕಮ್ಮ ಎಂದು ಮೂರು ಮೂರು ಜನ ರೋಗಿಗಳಿರುತ್ತಿದ್ದರು. ಅಷ್ಟುದ್ದ ವಿಳಾಸವನ್ನು ಮೂರು ಸಲ ಬರೆಯಲು ನನಗೇನು ಹುಚ್ಚೇ? ಮೊದಲನೆಯವರಿಗೆ ಪೂರ್ತಿ ಬರೆದು, ಕೆಳಗಿನ ಸಾಲುಗಳಲ್ಲಿ ಅಂದವಾಗಿ ‘ಮೇಲಿನಂತೆ’ ಎಂದು ಬರೆಯುತ್ತಿದ್ದೆ. ಆ ಪದವನ್ನು ಬರೆದೂ ಬರೆದೂ ನನ್ನ ಕೈಬರಹ ಪಳಗಿತು ಎಂದರೂ ಸರಿಯೇ. ನನ್ನ ನಂತರ ಬಂದವರು ಅದನ್ನೇ ಗುರುಮಂತ್ರವಾಗಿ ಇಟ್ಟುಕೊಂಡರು. ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಲು ಬಂದಿದ್ದ ಟೈಪಿಸ್ಟುಗಳು ಕಂಡದ್ದನ್ನು ಕಂಡ ಹಾಗೆ ಬಡಿದರು. ಆಮೇಲೆ ಎಲ್ಲ ಹೆಸರನ್ನೂ ಅಕಾರಾದಿಯಾಗಿ ಜೋಡಿಸಿದರು. ಮೇಲಿದ್ದವರು ಎಲ್ಲೋ, ಕೆಳಗಿದ್ದವರು ಎಲ್ಲೋ. ಪಾಪ, ಕಂಪ್ಯೂಟರು ‘ಮೇಲಿನಂತೆ’ ಎಂಬುದೊಂದು ದೊಡ್ಡ ಮನೆಯೆಂದು ತಿಳಿದು, ಇನ್ನೂರ ಹದಿಮೂರು ಜನರಿಗೂ ಅಲ್ಲೇ ಹಾಸಿಗೆ ಹಾಸಿಕೊಟ್ಟಿತ್ತು.

“ಅದು ಟೈಪಿಸ್ಟುಗಳ ತಪ್ಪು” ಎಂದೆ.

“ಇರಬಹುದು” ಎಂದಳು. ಅಷ್ಟೇ ಹೇಳಿ ನನ್ನ ಮೀಸೆಯನ್ನು ಒಮ್ಮೆ ನೋಡಿದಳು.

“ಅದಕ್ಕೇನು, ಈಗ ಯಾರು ಮೇಲಿದ್ದಾರೋ ಅವರ ವಿಳಾಸವನ್ನೇ ಹಾಕಿಬಿಡಿ. ಆಯ್ತಲ್ಲ!” ಎಂದರು ಸಾಹೇಬರು.

ಕೊಂಡಿ ಪರದೆ ತೋರಿಸಿದಳು. ಹಾಗೆ ಹಾಕಿದರೆ ಮದುವೆಯಾಗದ ಡ್ರಾಯಿಂಗ್ ಮೇಷ್ಟ್ರು ನರ್ಸುಗಳ ಹಾಸ್ಟೆಲಿಗೆ ಹೋಗಿ ಸೇರುತ್ತಿದ್ದರು, ತೊಂಬತ್ತರ ಅಜ್ಜಿಯೊಬ್ಬರು ಅಗ್ನಿಶಾಮಕ ಠಾಣೆಗೆ. ಸಾಹೇಬರು ಕೆಮ್ಮಿದರು. “ಕಂಪ್ಯೂಟರಿನಲ್ಲಿ ಮೇಲೆ ಕೆಳಗೆ ಅನ್ನೋದೇ ಇಲ್ಲ ಸಾರ್. ಕರೆದಾಗ ಹೇಗೆ ಬೇಕೋ ಹಾಗೆ ಸಾಲಾಗಿ ನಿಲ್ತಾರೆ. ಪ್ರತಿಯೊಬ್ಬರ ಕೈಗೂ ಅವರದ್ದೇ ಬಿಲ್ಲೆ ಕಟ್ಟಬೇಕು” ಎಂದಳು ಕೊಂಡಿ. ಬೀಗದವನ ಮಗಳು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

“ಶುಕ್ರವಾರ ನಾಲ್ಕಕ್ಕೆ ಆಗಬೇಕು. ಆಗದಿದ್ರೆ ಆ ಸಾವಿರದ ಆರುನೂರನ್ನೇ ಕಳಿಸ್ತೀನಿ” ಎಂದು ಸಾಹೇಬರು ಎದ್ದು ಹೋದರು.

ಹದಿನಾಲ್ಕು ರಿಜಿಸ್ಟರುಗಳು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಧೂಳು ಕುಡಿಯುತ್ತಾ ಬಿದ್ದಿದ್ದವು. ಇಬ್ಬರೂ ಸೇರಿ ಹೊರಗೆಳೆದೆವು. ಎದ್ದ ಧೂಳಿಗೆ ಹೊರರೋಗಿ ವಿಭಾಗದಲ್ಲಿ ಆರೋಗ್ಯವಂತರೂ ಚೀಟಿ ಮಾಡಿಸಿದರು. ಪುಟದ ಸಾಲಿನ ನಂಬರ್ ಹಿಡಿದು ಹುಡುಕೋಣವೆಂದರೆ ಅದೂ ದಕ್ಕಲಿಲ್ಲ. ಪ್ರತಿ ಹೊಸ ಪುಟವನ್ನೂ ನಾನು ಒಂದರಿಂದಲೇ ಶುರು ಮಾಡುತ್ತಿದ್ದೆ, ನೋಡಲು ಚೆಂದವೆಂದು. ಏಳನೆಯ ನಂಬರಿನವರೇ ನೂರಾರು ಜನ.

“ಚೆಂದಕ್ಕೆ!” ಎಂದು ಕೊಂಡಿ ಹಣೆ ಮುಟ್ಟಿಕೊಂಡಳು. “ದೊಡ್ಡಪ್ಪ, ನಿಮ್ಮನ್ನ ಯಾವ ಪುಣ್ಯಾತ್ಮ ಕೆಲಸಕ್ಕೆ ಸೇರಿಸಿಕೊಂಡ?”

“ನಿಮ್ಮಪ್ಪನ ಬೀಗದಿಂದ ಈ ಕೋಣೆ ಉಳಿದದ್ದು, ನನ್ನಿಂದ ನಡೆದದ್ದು.”

“ಹೂಂ, ಬೀಗ ಸರಿಯಾಗೇ ಇತ್ತು” ಎಂದಳು.

ಎರಡು ದಿನ ನಾನು ಓದಿದೆ, ಅವಳು ಒತ್ತಿದಳು. ‘ಮೇಲಿನಂತೆ’ ಸಿಕ್ಕಾಗಲೆಲ್ಲ ನಾನು ಬೆರಳನ್ನು ಮೇಲಕ್ಕೆ ಜಾರಿಸಿಕೊಂಡು ಹೋಗಿ ಮನೆಯ ನಂಬರ್ ಹೇಳಬೇಕು, ಅವಳು ಆ ಮನುಷ್ಯನ ನಂಬರಿಗೆ ಅದನ್ನು ಕಟ್ಟಬೇಕು. ಒಂದು ಕಡೆಯಂತೂ ‘ಮೇಲಿನಂತೆ’ಯ ಮೇಲೆ ‘ಮೇಲಿನಂತೆ’, ಅದರ ಮೇಲೆ ಇನ್ನೊಂದು, ಹೀಗೆ ಹನ್ನೊಂದು ಮೆಟ್ಟಿಲು ಹತ್ತಿದ ಮೇಲೆ ವಿಳಾಸ ಸಿಕ್ಕಿತು. ಅಲ್ಲಿಗೆ ತಲುಪುವಷ್ಟರಲ್ಲಿ ನನಗೆ ಏದುಸಿರು. ಅವಳು ಬೇಸರಿಸಲಿಲ್ಲ. ಒಂದೊಂದು ಹೆಸರು ಮನೆ ಸೇರಿದಾಗಲೂ, ಶಾಲೆಯಿಂದ ಮಕ್ಕಳು ಒಳಗೆ ಬಂದಾಗ ತಾಯಿ ಎಣಿಸಿಕೊಳ್ಳುವಂತೆ, ಮೆಲ್ಲಗೆ “ಬಂದ್ರು” ಎನ್ನುತ್ತಿದ್ದಳು. “ಈ ಅಜ್ಜ ಬಂದ್ರು. ಅವರ ತಂಗಿಯೂ ಬಂದ್ರು.” ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಅರ್ಧ ನನಗೆ ಕೊಡುತ್ತಿದ್ದಳು. ಬೈದ ಬಾಯಲ್ಲೇ “ಇನ್ನೊಂದ್ ತುತ್ತು ತಿನ್ನಿ” ಎನ್ನುವುದನ್ನು ಅವಳಿಂದ ಕಲಿಯಬೇಕು.

ಗುರುವಾರ ಸಂಜೆ ಹನ್ನೊಂದನೆಯ ರಿಜಿಸ್ಟರಿನ ಅರವತ್ತೊಂದನೆಯ ಪುಟ ತಿರುವಿದೆ. ಪುಟದ ಮೊದಲ ಸಾಲಿನಲ್ಲೇ ನಮ್ಮ ಮನೆಯವಳ ಹೆಸರು. ವಿಳಾಸದ ಜಾಗದಲ್ಲಿ, ನನ್ನದೇ ಮುದ್ದಾದ ಕೈಬರಹದಲ್ಲಿ, ‘ಮೇಲಿನಂತೆ’.

ಅವಳ ಮೇಲೆ ಏನಿದೆ? ಪುಟದ ಅಂಚು. ನಾನು ರೋಗಿಯಲ್ಲ, ರಿಜಿಸ್ಟರಿನಲ್ಲಿ ನನ್ನ ಹೆಸರೇ ಇಲ್ಲ. ಅವತ್ತು ಬರೆಯುವಾಗ ಅವಳ ಮೇಲೆ ನಾನಿದ್ದೇನೆ ಎಂದು ನನ್ನ ತಲೆ ತಾನಾಗಿಯೇ ಅಂದುಕೊಂಡಿರಬೇಕು. ಗಂಡಸಿನ ತಲೆ, ಏನು ಮಾಡುವುದು?

ಅಷ್ಟು ಹೊತ್ತು ಕೊಚ್ಚಿಕೊಂಡ ಬಾಯಿಗೆ ಆ ಕ್ಷಣ ನಿಜ ಹೇಳಲಾಗಲಿಲ್ಲ. ಹಿಂದಿನ ಪುಟದ ಕೊನೆಯ ಸಾಲಿನಲ್ಲಿ ಒಬ್ಬ ಟೈಲರಿದ್ದ. ಅವನ ಮನೆಯ ನಂಬರನ್ನೇ ಗಟ್ಟಿಯಾಗಿ ಓದಿಬಿಟ್ಟೆ. ಬೆಳಗ್ಗೆ ಅವಳಿಲ್ಲದಾಗ ಹೇಗಾದರೂ ಸರಿ ಮಾಡಿದರಾಯಿತು ಎಂದುಕೊಂಡೆ, ಕಂಪ್ಯೂಟರಿನ ಗುಂಡಿ ಎಲ್ಲಿದೆ ಎಂದು ಕೂಡ ಗೊತ್ತಿಲ್ಲದವನು! ಕೊಂಡಿ ನಮ್ಮ ಮನೆಯವಳನ್ನು ಕರೆಯುವುದು ದೊಡ್ಡಮ್ಮ ಎಂದು. ರಿಜಿಸ್ಟರಿನಲ್ಲಿದ್ದ ನಿಜವಾದ ಹೆಸರಿನವರು ಪಟ್ಟಿಯಲ್ಲಿ ಇನ್ನೂ ಒಂಬತ್ತು ಜನ ಇದ್ದರು. ಅವಳು ಅನುಮಾನಿಸಲಿಲ್ಲ. “ಬಂದ್ರು” ಎಂದಳು.

ಶುಕ್ರವಾರ ಮಧ್ಯಾಹ್ನ ಮೂರೂವರೆ. ಇನ್ನೂರ ಹದಿಮೂರು ಜನರಿಗೂ ಮನೆಯಾಗಿತ್ತು. ಸಾಹೇಬರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಕೊಂಡಿ ಕನ್ನಡಕದ ದಾರ ಬಿಗಿ ಮಾಡಿಕೊಂಡು ಗುಂಡಿ ಒತ್ತಿದಳು. ಪರದೆಯ ಮೇಲೆ ಅಂಕಿ ಓಡಿತು, ಓಡಿತು, ತಟ್ಟನೆ ನಿಂತಿತು. ಆಮೇಲೆ ಸೊನ್ನೆ. ಒಳಗೆ ಹೋದವರೆಲ್ಲ ಹೊರಗೆ.

“ಆಯ್ತಾ?” ಸಾಹೇಬರ ದನಿ ಈ ಸಲ ಕೀರಲಾಗಿತ್ತು.

“ಒಬ್ಬರ ಮನೆ ಇಲ್ಲ ಅಂತಿದೆ. ಟೈಲರ್ ಮನೆ. ರಸ್ತೆ ಅಗಲ ಮಾಡೋವಾಗ ಕೆಡವಿದ್ರಲ್ಲ, ಮನೆಗಳ ಪಟ್ಟಿಯಲ್ಲಿ ಅದಿಲ್ಲ. ಇಲ್ಲದ ಮನೆಗೆ ಮನುಷ್ಯರನ್ನ ಸೇರಿಸೋಕಾಗಲ್ಲ.”

“ಒಬ್ರು ತಾನೆ ಮೇಡಂ? ತೆಗೆದಾಕಿ, ಉಳಿದವರನ್ನ ಕಳಿಸಿ. ಅವರನ್ನ ಮುಂದಿನ ತಿಂಗಳು ನೋಡಿದ್ರಾಯ್ತು!”

“ಮುಂದಿನ ತಿಂಗಳ ತನಕ ಅವರ ಮೈಯಲ್ಲಿರೋ ಸಕ್ಕರೇನ ಏನು ಮಾಡ್ಬೇಕು ಸಾರ್? ಡಬ್ಬಿಗೆ ತುಂಬಿಡ್ಬೇಕಾ?”

“ಇನ್ನು ಇಪ್ಪತ್ತೈದು ನಿಮಿಷ ಇದೆ ಕಣ್ರೀ!”

“ಇದೆಯಲ್ಲ” ಎಂದು ಅವಳು ಮತ್ತೆ ಮುಚ್ಚಳ ಬಾಯಿಗಿಟ್ಟಳು. “ಟೈಲರ್ ಮನೆಯವರೆಲ್ಲ ಹೊಸ ಬಡಾವಣೆಗೆ ಹೋಗಿದ್ದಾರೆ, ಅವರ ವಿಳಾಸ ಸರಿ ಇದೆ. ಇವರೊಬ್ಬರು ಯಾಕೆ ಹಳೇ ಮನೇಲೇ ಉಳಿದ್ರು? ದೊಡ್ಡಪ್ಪ, ಇವರು ಟೈಲರಿಗೆ ಏನಾಗ್ಬೇಕು?”

ಏನೂ ಆಗಬೇಕಾಗಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಸಾಹೇಬರ ಬೆರಳು ಅಳಿಸುವ ಗುಂಡಿಯ ಕಡೆಗೆ ಚಾಚಿತ್ತು. ಒಂದು ಕಡೆ ಮೂವತ್ತೆಂಟು ವರ್ಷದ ಮೀಸೆ, ಇನ್ನೊಂದು ಕಡೆ ದಿನಾ ಬೆಳಗ್ಗೆ ಸೂಜಿ ಚುಚ್ಚಿಕೊಂಡು, ಮುಖ ಕಿವುಚಿ, ಆಮೇಲೆ ನನಗೆ ಕಾಫಿ ಕೊಡುವ ಹೆಂಗಸು.

“ತೆಗೀಬೇಡಿ!” ಎಂದು ಕೂಗಿದೆ. “ಅದು ನಮ್ಮ ಮನೆಯವಳು. ಟೈಲರ್ ಮನೆಗೂ ಅವಳಿಗೂ ಸಂಬಂಧ ಇಲ್ಲ. ವಿಳಾಸ ಬರೆಯೋಕೆ ಸೋಮಾರಿತನ ಮಾಡಿದವನು ನಾನು. ನಿನ್ನೆ ನಾಚಿಕೆಗೆ ಸುಳ್ಳು ಓದಿದವನೂ ನಾನೇ.”

ಕೊಂಡಿ ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ. “ನಂಬರ್ ಹೇಳಿ ದೊಡ್ಡಪ್ಪ, ಬೇಗ.”

“ನೀನೇ ನೂರು ಸಲ ಬಂದಿದ್ದೀಯಲ್ಲೇ!”

“ನೀಲಿ ಗೇಟು ಗೊತ್ತು. ಗೇಟಿನ ಬಣ್ಣ ಇಲ್ಲಿ ನಡೆಯಲ್ಲ. ಮನೆ ನಂಬರ್.”

ಕೆಮ್ಮು ಕೇಳಿ ಪುಟ ಹೇಳುತ್ತಿದ್ದ ಮಹಾನುಭಾವನಿಗೆ ತನ್ನ ಮನೆಯ ನಂಬರು ನೆನಪಿಗೆ ಬರಲಿಲ್ಲ. ಬೆವರು ಬಂತು, ನಂಬರು ಬರಲಿಲ್ಲ. ಕೊಂಡಿ ಫೋನು ತಿರುಗಿಸಿ ನನ್ನ ಕೈಗೆ ಕೊಟ್ಟಳು.

“ಏನೇ, ನಮ್ಮ ಮನೆ ನಂಬರ್ ಎಷ್ಟೇ?”

“ಎಲ್ಲಿದ್ದೀರಿ? ದಾರಿ ತಪ್ಪಿದ್ರಾ?”

“ಇಲ್ವೇ, ಆಸ್ಪತ್ರೇಲಿದ್ದೀನಿ. ನೀನು ಎಲ್ಲಿದ್ದೀಯ ಅಂತ ಬರೀಬೇಕು.”

“ನಾನೆಲ್ಲಿರ್ತೀನಿ? ಬಾಗಿಲ ಮೇಲೆ ದಿನಾ ತಲೆ ಬಡ್ಕೊಂಡು ಒಳಗೆ ಬರ್ತೀರಲ್ಲ, ಅಲ್ಲೇ ತಗಡಿನ ಮೇಲೆ ಬರೆದಿದೆ. ನೂರ ನಲವತ್ತೇಳು. ಮೂವತ್ತು ವರ್ಷ ಆಯ್ತು ರೀ, ಈಗ ಕೇಳ್ತಿದ್ದೀರಾ?”

ಫೋನಿನ ದನಿ ಇಡೀ ಕೋಣೆಗೆ ಕೇಳಿತ್ತು. ಸಾಹೇಬರು ಗೋಡೆಯ ಕಡೆಗೆ ತಿರುಗಿ ನಿಂತರು. ಅವರ ಬೆನ್ನು ನಗುತ್ತಿತ್ತು. ಕೊಂಡಿ ಮಾತ್ರ ನಗಲಿಲ್ಲ. ನೂರ ನಲವತ್ತೇಳನ್ನು ಒತ್ತಿ, ಮನೆಗಳ ಪಟ್ಟಿಯಲ್ಲಿ ಅದು ಇದೆಯೋ ಎಂದು ನೋಡಿ, ಬೀದಿಗೆ ನರ್ಸ್ ಇದ್ದಾಳೋ ಎಂದು ನೋಡಿ, ಆಮೇಲೆ ಗುಂಡಿ ಒತ್ತಿದಳು. ಅಂಕಿ ಓಡಿತು. ಮೊದಲು ಮನೆಗಳು, ಹಿಂದೆ ಜನ, ಅವರ ಹಿಂದೆ ಔಷಧಿ. ಸಾವಿರದ ಎಂಟುನೂರ ನಲವತ್ತಾರಕ್ಕೆ ಬಂದು ನಿಂತಿತು. ಈ ಸಲ ಸೊನ್ನೆಗೆ ಹಿಂದಿರುಗಲಿಲ್ಲ.

“ಬಂದ್ರು” ಎಂದಳು, ಕಾಲು ಕೆಳಗಿಳಿಸಿ. ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷ ಬಾಕಿ.

ಪಟ್ಟಿ ಉಗ್ರಾಣಕ್ಕೆ ಹೋಯಿತು. ನಾನು ಗಂಟಲು ಸರಿ ಮಾಡಿಕೊಂಡು, “ನೋಡಿದ್ಯಾ, ಕೊನೆಗೂ ನನ್ನ ರಿಜಿಸ್ಟರಿನಿಂದ ಒಬ್ಬರೂ ಕಳೆದುಹೋಗಲಿಲ್ಲ” ಎಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನನ್ನಂಥವನನ್ನು ಕಂಡೇ ಕಟ್ಟಿರಬೇಕು.

“ಮೀಸೆ ಇಟ್ಕೊಳ್ಳಿ ದೊಡ್ಡಪ್ಪ” ಎಂದಳು. “ಅದನ್ನ ಹಾಕೋಕೆ ನನ್ನ ಯಾವ ಪಟ್ಟಿಯಲ್ಲೂ ಜಾಗ ಇಲ್ಲ.”

ಒಂದನೇ ತಾರೀಕು ಬೆಳಗ್ಗೆ ಹತ್ತೂಕಾಲಿಗೆ ನೀಲಿ ಗೇಟು ಕಿರುಗುಟ್ಟಿತು. ಐಸ್ ಪೆಟ್ಟಿಗೆ ಹೊತ್ತ ನರ್ಸ್, ನಮ್ಮ ಮನೆಯವಳ ಪೂರ್ತಿ ಹೆಸರನ್ನು ಪಟ್ಟಿ ನೋಡಿ ಕೂಗಿದಳು. ನಮ್ಮ ಮನೆಯವಳು ಸೆರಗು ಸರಿ ಮಾಡಿಕೊಂಡು ಹೊರಗೆ ಹೋದ ಠೀವಿ ನೋಡಬೇಕಿತ್ತು. ಔಷಧಿ ತೆಗೆದುಕೊಂಡು ಒಳಗೆ ಬರುವಾಗ ಬಾಗಿಲ ಮೇಲಿನ ತಗಡನ್ನು ನನಗೆ ಕಾಣುವ ಹಾಗೆ ಸೆರಗಿನಿಂದ ಒರೆಸಿದಳು.

ನಾನು ಸೀದಾ ಆಸ್ಪತ್ರೆಗೆ ನಡೆದೆ. ಮುಚ್ಚಿದ ಕೌಂಟರಿನ ಮುಂದೆ ಸಾಹೇಬರು ಒಂದು ಅಭಿಪ್ರಾಯ ಪುಸ್ತಕ ಇಡಿಸಿದ್ದರು. ಮೊದಲ ಸಾಲು ಅವರದ್ದೇ: ‘ರೆಕಾರ್ಡ್ ರೂಮಿನ ಸಿಬ್ಬಂದಿ ಒಬ್ಬರನ್ನೂ ಬಿಡದೆ ಪಟ್ಟಿಗೆ ಸೇರಿಸಿದ್ದು ಶ್ಲಾಘನೀಯ.’ ನನ್ನ ಮನಸ್ಸಿನಲ್ಲಿ ಇದರ ಹತ್ತರಷ್ಟಿತ್ತು. ಕನ್ನಡಕದ ದಾರ, ಅರ್ಧ ಡಬ್ಬಿ, ಒಬ್ಬೊಬ್ಬರಿಗೂ ಅವಳು ಹೇಳಿದ “ಬಂದ್ರು”, ಬೈಯಬೇಕಾದಾಗ ಬೈಯದೆ ಉಳಿದದ್ದು. ಇದನ್ನೆಲ್ಲ ಹೇಗೆ ಬರೆಯುವುದು? ಪೆನ್ನು ತೆಗೆದುಕೊಂಡೆ. ಕೈ ತನ್ನ ಹಳೆಯ ದಾರಿ ಹಿಡಿಯಿತು. ಸಾಹೇಬರ ಸಾಲಿನ ಕೆಳಗೆ ನನ್ನ ಹೆಸರು ಬರೆದು, ಮುಂದೆ ಅಂದವಾಗಿ ಬರೆದೆ: ‘ಮೇಲಿನಂತೆ’.

ಕೊಂಡಿ ಬೆನ್ನ ಹಿಂದೆಯೇ ನಿಂತಿದ್ದಳು. ಆ ಪದವನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಪೆನ್ನನ್ನು ಮತ್ತೆ ನನ್ನ ಬೆರಳ ಸಂದಿಗೆ ಸಿಕ್ಕಿಸಿದಳು.

“ಪೂರ್ತಿ ಬರೀರಿ ದೊಡ್ಡಪ್ಪ. ನಾಳೆ ಮೇಲಿನವರು ಎದ್ದು ಹೋದ್ರೆ, ನೀವು ಮಾಡಿದ ಹೊಗಳಿಕೆ ಯಾವ ಟೈಲರ್ ಮನೆಗೆ ಹೋಗ್ಬೇಕು?”